ಮೊಕ ನೋಡಿದ್ಯಾ

"ತಲೆ ಎತ್ತಿ ಇಡ್ಕಳ್ರಲಾ, ಕಿವಿಗೆ ನೀರು ಓಗ್ಬಾರ್ದು," ಎಂದಳು ಬೆಟ್ಟಮ್ಮ.

ಸತ್ತವನ ಕಿವಿಗೆ ನೀರು ಹೋದರೆ ಏನಾಗುತ್ತದೆ ಎಂದು ಯಾರೂ ಕೇಳಲಿಲ್ಲ. ಹಿತ್ತಲಿನಲ್ಲಿ ಲೈಬ್ರರಿ ಹುಚ್ಚಯ್ಯನನ್ನು ಹಲಗೆಯ ಮೇಲೆ ಮಲಗಿಸಿ ಗಂಡಸರು ಬಿಸಿನೀರು ಹೊಯ್ಯುತ್ತಿದ್ದರು. ಕೇರಿಯ ಹಿರಿಯಳಾದ ಬೆಟ್ಟಮ್ಮ ಎಳೆಮಗುವಿಗೆ ನೀರು ಹಾಕಿಸುವವಳ ಹಾಗೆ ಪಕ್ಕದಲ್ಲೇ ಕೂತು ಹೇಳಿಕೊಡುತ್ತಿದ್ದಳು. ನೀರು ಹೊಯ್ಯುವುದು ಗಂಡುಮಕ್ಕಳ ಕೆಲಸ ಎಂದವರನ್ನು ದಾಟಿ ಬಂದು, ಮಗಳು ಸಂಘಮಿತ್ರಾ ಮೊದಲ ಚೊಂಬನ್ನು ತಾನೇ ಹೊಯ್ದು ದೂರ ನಿಂತಿದ್ದಳು. ಒಬ್ಬಳೇ ಮಗಳು. ಹೊಳೆನರಸೀಪುರದ ಹೈಸ್ಕೂಲಿನಲ್ಲಿ ಟೀಚರು. ಅವಳ ಮಗನಿಗೆ ಜ್ವರವೆಂದು ತಾಯಿ ಮುದ್ದಮ್ಮನೂ ಅಲ್ಲಿಗೇ ಹೋಗಿದ್ದಳು. ಬೆಳಗ್ಗೆ ಟೀ ಕೊಡಲು ಬಂದ ಪಕ್ಕದ ಮನೆಯವರು ಎಷ್ಟು ಕರೆದರೂ ಹುಚ್ಚಯ್ಯ ಏಳಲಿಲ್ಲ. ಸುದ್ದಿ ತಿಳಿದು ತಾಯಿ ಮಗಳು ಸಿಕ್ಕಿದ ಬಸ್ಸು ಹತ್ತಿ ಬಂದಿದ್ದರು.

ಕಳಚಿದ ಅಂಗಿಯ ಜೇಬಿನಲ್ಲಿದ್ದುದನ್ನು ಒಬ್ಬ ತಂದು ಮುದ್ದಮ್ಮನ ಕೈಗಿಟ್ಟ. ಕನ್ನಡಕ, ಪೆನ್ನು, ಹೊಳೆಯುವ ಒಂದು ಹೊಸ ಬೀಗದ ಕೈ. ಕನ್ನಡಕವನ್ನು ಅವಳು ಎದೆಗೆ ಒತ್ತಿಕೊಂಡಳು. ಬೀಗದ ಕೈಯನ್ನು ಸರಿಯಾಗಿ ನೋಡದೆಯೇ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ದುದ್ದ ಹೋಬಳಿಯ ಚಿಕ್ಕಗೊಂಡನಹಳ್ಳಿಯಲ್ಲಿ ಆ ಬೆಳಿಗ್ಗೆ ಸಂಘಮಿತ್ರಾಳಿಗೆ ಆಗಬೇಕಾಗಿದ್ದದ್ದು ಒಂದೇ ಕೆಲಸ. ಅಪ್ಪನನ್ನು ಊರ ಬೀದಿಯಲ್ಲಿ ಹೊತ್ತುಕೊಂಡು ಹೋಗಿ, ಹಾಲಿನ ಡೈರಿಯ ಪಕ್ಕದ ಲೈಬ್ರರಿಯಲ್ಲಿ ಸ್ವಲ್ಪ ಹೊತ್ತು ಇಳಿಸಿ, ಆಮೇಲೆ ಮಣ್ಣಿಗೆ ಕೊಂಡೊಯ್ಯಬೇಕು. ಕೇರಿಯ ಹೆಣ ಇದುವರೆಗೆ ಆ ಬೀದಿಯಲ್ಲಿ ಹೋದದ್ದಿಲ್ಲ. ಕೆರೆ ಏರಿಯ ಮೇಲೆ ಸುತ್ತಿಕೊಂಡು ಹೋಗುತ್ತದೆ. ಹಾಗೆ ಹೋಗಬೇಕೆಂದು ಯಾರೂ ಎಲ್ಲಿಯೂ ಬರೆದಿಟ್ಟಿಲ್ಲ, ಆದರೂ ಹೋಗುತ್ತದೆ. ಬಸ್ಸಿನಿಂದಲೇ ಅವಳು ಪಂಚಾಯಿತಿ ಅಧ್ಯಕ್ಷ ದೇವರಾಜುವಿಗೆ ಫೋನು ಮಾಡಿದ್ದಳು. "ಆಗ್ಲಿ ಬುಡವ್ವ, ಲೈಬ್ರರಿ ತಾವೇ ಇಳ್ಸಿ," ಎಂದಿದ್ದ. ಎರಡನೆಯ ಸಲ ಮಾಡಿದಾಗ ಅವನ ಫೋನು ಸ್ವಿಚಾಫ್ ಆಗಿತ್ತು.

ಅಷ್ಟರಲ್ಲಿ ಅರಕಲಗೂಡಿನಿಂದ ಬೈಕಿನಲ್ಲಿ ಬಂದ ಧರ್ಮೇಂದ್ರ, ಹುಚ್ಚಯ್ಯನ ತಮ್ಮನ ಮಗ, ಹೆಲ್ಮೆಟ್ಟೂ ತೆಗೆಯದೆ ಹಿತ್ತಲಿಗೆ ನುಗ್ಗಿದ.

"ಅಕ್ಕ, ಇದ ನೋಡು. ಬರ್ತಾ ತಗಂಡೆ. ಬೀಗ ಜಡ್ದವ್ರೆ."

ಫೋನಿನಲ್ಲಿ ಲೈಬ್ರರಿಯ ಜಗಲಿ. ಕಂಬಿಬಾಗಿಲಿಗೆ ಹೊಸ ಬೀಗ. ಕೆಳಗೆ ಅವನೇ ಬರೆದಿದ್ದ: 'ಹುಚ್ಚಯ್ಯನವರ ಶವ ಒಳಗೆ ಬರಬಾರದೆಂದು ಅಧ್ಯಕ್ಷರು ಲೈಬ್ರರಿಗೆ ಬೀಗ ಹಾಕಿಸಿದ್ದಾರೆ. ಎಲ್ಲರೂ ಹೊರಟು ಬನ್ನಿ.'

"ಕಳಿಸಿಬಿಟ್ಯಾ?"

"ಎಲ್ಲಾ ಗ್ರೂಪಿಗೂ ಆಕಿವ್ನಿ. ನಮ್ಮುಡುಗ್ರು ಎರಡು ಟೆಂಪೋ ಮಾಡ್ಕಂಡು ಬತ್ತಾವ್ರೆ. ನೀನೂ ನಿನ್ ಗ್ರೂಪಿಗೆ ಆಕು. ನೀನು ಆಕುದ್ರೆ ಜನ ನಂಬ್ತಾರೆ."

ಆ ಕಂಬಿಬಾಗಿಲಿಗೆ ಬೀಗ ಬಿದ್ದದ್ದನ್ನು ಊರು ಕಂಡಿರಲಿಲ್ಲ. ಒಳಕೋಣೆಗೆ ಬೀಗವಿತ್ತು, ಅಲ್ಲಿ ಕಂಪ್ಯೂಟರುಗಳಿದ್ದವು. ಜಗಲಿ ಮಾತ್ರ ಹಗಲೂ ರಾತ್ರಿ ತೆರೆದಿರಬೇಕು, ಹಾಲು ಹಾಕಲು ಬಂದವರು ಪೇಪರು ನೋಡಲಿ ಎಂಬುದು ಹುಚ್ಚಯ್ಯನ ಹಠ. ಲೈಬ್ರರಿಯನ್ನು ಊರ ನಡುವೆ ತರುವುದಕ್ಕೇ ಈ ದೇವರಾಜು ಒಂದು ಕಾಲದಲ್ಲಿ ಅಡ್ಡ ನಿಂತಿದ್ದ. ಸಂಘಮಿತ್ರಾಳಿಗೆ ಮೈ ಉರಿದುಹೋಯಿತು. ಫೋನಿನಲ್ಲಿ ಆಗಲಿ ಬಿಡವ್ವ ಅಂದವನು ಇಷ್ಟರೊಳಗೆ ಬೀಗ ಜಡಿಸಿ ಕೂತನಲ್ಲ. ಅವಳ ಬಳಿ ಟೀಚರುಗಳ ಗ್ರೂಪು, ಹಳೆಯ ವಿದ್ಯಾರ್ಥಿಗಳ ಗ್ರೂಪು, ಅಪ್ಪನ ಲೈಬ್ರರಿಯ ಓದುಗರ ಗ್ರೂಪು ಎಲ್ಲವೂ ಇದ್ದವು. ಚಿತ್ರವನ್ನು ತನ್ನ ಫೋನಿಗೆ ತರಿಸಿಕೊಂಡು ಬೆರಳು ಒತ್ತುವುದೊಂದು ಬಾಕಿ.

"ಏನವ್ವ ಅದು?" ಎಂದಳು ಗೋಡೆಗೊರಗಿ ಕೂತಿದ್ದ ಮುದ್ದಮ್ಮ.

"ಲೈಬ್ರರಿಗೆ ದೇವರಾಜು ಬೀಗ ಆಕ್ಸವ್ನೆ ದೊಡ್ಡವ್ವ," ಎಂದ ಧರ್ಮೇಂದ್ರ.

ಮುದ್ದಮ್ಮ ತಲೆ ಎತ್ತಲಿಲ್ಲ. ಗಂಡನ ಕನ್ನಡಕವನ್ನು ಸೆರಗಿನಿಂದ ಒರೆಸುತ್ತಲೇ, ಮನೆಯಲ್ಲಿ ದಿನವೂ ಕೇಳಿ ರೂಢಿಯಾದ ಮಾತನ್ನು ಕೇಳಿದಳು.

"ಮೊಕ ನೋಡಿದ್ಯಾ?"

ಸಂಘಮಿತ್ರಾಳ ಬೆರಳು ಅಲ್ಲೇ ನಿಂತಿತು.

*

ಮುಖ ನೋಡುವ ಮಾತು ಶುರುವಾದದ್ದು ದೇವರಾಜು ಹುಟ್ಟಿದ ದಿನ.

ಹುಚ್ಚಯ್ಯನ ಅಪ್ಪ ಮಂಚಯ್ಯ ಊರಿನ ಸಾವಿನ ಸುದ್ದಿ ಹೊರುವವನಾಗಿದ್ದ. ದೊಡ್ಡ ಮನೆಗಳಲ್ಲಿ ಯಾರಾದರೂ ತೀರಿಕೊಂಡರೆ ಅವರ ನೆಂಟರ ಊರುಗಳಿಗೆ ನಡೆದುಹೋಗಿ ಹೇಳಿಬರುವುದು ಕೇರಿಯ ಚಾಕರಿ. ಬೇಡವೆನ್ನುವ ಹಾಗಿರಲಿಲ್ಲ. ಆ ದಿನ ಮಂಚಯ್ಯನಿಗೆ ಜ್ವರ. ಹೈಸ್ಕೂಲು ಓದುತ್ತಿದ್ದ ಹುಚ್ಚಯ್ಯ ಅಪ್ಪನ ಬದಲು ಹೋದ.

ಗೌಡರ ಮನೆಯ ಸೊಸೆ ದೊಡ್ಡತಾಯಮ್ಮನಿಗೆ ಚೊಚ್ಚಲ ಹೆರಿಗೆ. ಗಂಡುಮಗುವೇನೋ ಆಯಿತು, ತಾಯಿ ಮಾತ್ರ ಮೈ ತಣ್ಣಗಾಗಿ ಬಿದ್ದುಬಿಟ್ಟಿದ್ದಳು. ಒಳಗಿನಿಂದ ಹೆಂಗಸರ ಗೋಳು ಕೇಳಿಸಿತು. ಜಗಲಿಯಿಂದ ಒಬ್ಬರು ಕೈಬೀಸಿ, "ಆಗೋಯ್ತು ಕಣ್ಲಾ, ಅವಳ ತವರಿಗೆ ಏಳೋಗು," ಎಂದರು.

ಹುಡುಗ ಅಂಗಳದ ಆಚೆ, ದನ ಕಟ್ಟುವ ಗೂಟದ ಹತ್ತಿರ ನಿಂತಿದ್ದ. ಅಲ್ಲಿಂದ ಮುಂದೆ ಅವನ ಕಾಲು ಬರುವ ಹಾಗಿರಲಿಲ್ಲ.

"ಅಯ್ಯಾ, ಒಂದ್ಸಾರಿ ನೋಡ್ಕಂಡು ಓಗ್ಲಾ?"

"ನೋಡಕ್ಕೆ ನೀನ್ಯಾವನ್ಲಾ? ಏಳಿದ್ದ ಓಗಿ ಏಳು."

ಚನ್ನರಾಯಪಟ್ಟಣದ ಕಡೆಯ ಆ ತವರೂರಿಗೆ ಅವನು ಬಿಸಿಲಲ್ಲಿ ನಡೆದ. ದಾರಿಯಲ್ಲಿ ಕೇಳಿದವರಿಗೆಲ್ಲ ಹೇಳಿದ. ಮಾರನೆಯ ದಿನ ತವರಿನವರು ಎದೆ ಬಡಿದುಕೊಂಡು ಗಾಡಿ ಕಟ್ಟಿಕೊಂಡು ಬಂದರು. ಹೆಣಕ್ಕೆ ಹೊದಿಸಲು ಹೊಸ ಸೀರೆ, ಅರಿಸಿನ ಕುಂಕುಮ, ಹೂವು ಎಲ್ಲ ತಂದಿದ್ದರು. ಬಂದು ನೋಡಿದರೆ ದೊಡ್ಡತಾಯಮ್ಮ ಕಂಬಕ್ಕೊರಗಿ ಕೂತು ರಾಗಿ ಗಂಜಿ ಕುಡಿಯುತ್ತಿದ್ದಳು. ಮಗ್ಗುಲಲ್ಲಿ ಮಗು ಕಿರುಚುತ್ತಿತ್ತು.

ಮೊದಲು ಎಲ್ಲರೂ ನಕ್ಕರು. ನಗು ಮುಗಿದ ಮೇಲೆ ತಪ್ಪು ಯಾರದೆಂಬ ಮಾತು ಬಂತು. "ನಾನು ಆಗೋ ಅಂಗದೆ ಅಂದೆ, ಆಗೋಯ್ತು ಅಂದ್ನಾ?" ಎಂದರು ಜಗಲಿಯವರು. ಅಲ್ಲಿಗೆ ತಪ್ಪು ಹುಡುಗನದಾಯಿತು. ಗಾಡಿ ಹೊಡೆಯುವ ಬಾರುಕೋಲು ಅವನ ಬೆನ್ನಿನ ಮೇಲೆ ಆಡಿತು. ಜ್ವರದಲ್ಲೇ ಎದ್ದು ಬಂದ ಮಂಚಯ್ಯ ಯಾರ ಕಾಲಿಗೂ ಬೀಳಲಿಲ್ಲ. ಮಗನನ್ನು ಎಬ್ಬಿಸಿ ನಿಲ್ಲಿಸಿ ಹೇಳಿದ.

"ನಿನ್ನ ನೋಡಕ್ಕೆ ಬುಡ್ನಿಲ್ಲ, ಅದು ಅವ್ರ ತಪ್ಪು. ನೋಡ್ದೆ ಇದ್ರೂ ಸುದ್ದಿ ಒತ್ತಲ್ಲ, ಅದು ನಮ್ದು. ಎಲ್ಲೆಲ್ಲಿ ಏಳಿದ್ಯೋ ಅಲ್ಲೆಲ್ಲಾ ಓಗಿ ದಿಟ ಏಳ್ಬುಟ್ಟು ಬಾ. ಒತ್ತೋನೇ ವಾಪಸ್ ತರ್ಬೇಕು."

ಬಾಸುಂಡೆ ಎದ್ದ ಬೆನ್ನು ಹೊತ್ತುಕೊಂಡು ಹುಡುಗ ಅದೇ ದಾರಿಯಲ್ಲಿ ಮತ್ತೆ ನಡೆದ. ಕೇಳಿದವರ ಮನೆ ಮನೆಯ ಮುಂದೂ ನಿಂತು, ಅವರು ಬದುಕವ್ರೆ, ನಾನು ನೋಡದೆ ಹೇಳಿದ್ದೆ ಎಂದ. ಕೆಲವರು ಬೈದರು, ಒಬ್ಬಾಕೆ ಮಜ್ಜಿಗೆ ಕೊಟ್ಟಳು. ಆ ವರ್ಷದಿಂದ ಅವರ ಮನೆಯಲ್ಲಿ ಸಾವಿನ ಸುದ್ದಿ ಹೊರುವ ಚಾಕರಿ ನಿಂತಿತು. ಕರೆಯಲು ಬಂದವರಿಗೆ ಮಂಚಯ್ಯ, "ಮೊಕ ನೋಡಕ್ಕೆ ಬುಟ್ರೆ ಓಯ್ತೀವಿ," ಎನ್ನುತ್ತಿದ್ದ. ಯಾರೂ ಬಿಡಲಿಲ್ಲ, ಇವರೂ ಹೋಗಲಿಲ್ಲ.

ಹುಚ್ಚಯ್ಯ ಓದಿ ಪಂಚಾಯಿತಿ ಲೈಬ್ರರಿಯ ಮೇಲ್ವಿಚಾರಕನಾದ. ಡೈರಿ ಪಕ್ಕಕ್ಕೆ ಲೈಬ್ರರಿ ಬಂದ ಮೊದಲ ದಿನವೇ ಹಾಲಿನ ಕ್ಯಾನು ಹಿಡಿದು ಜಗಲಿ ಹತ್ತಿದವಳು ದೊಡ್ಡತಾಯಮ್ಮ.

"ನನ್ನ ಸಾಯಿಸ್ದೋನು ನೀನೇ ಅಲ್ವೇನ್ಲಾ?"

"ಅವತ್ತು ಮೊಕ ನೋಡಕ್ಕೆ ಬುಟ್ಟಿದ್ರೆ ಸಾಯಿಸ್ತಿರ್ನಿಲ್ಲ ಅಮ್ಮಾರೆ," ಎಂದ ಹುಚ್ಚಯ್ಯ, ನಗುತ್ತಲೇ.

ಅವಳು ನಗಲಿಲ್ಲ. ಆ ದಿನ ಅವನು ಎಲ್ಲಿ ನಿಂತಿದ್ದ, ಏನು ಕೇಳಿದ್ದ ಎಂಬುದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಎಲ್ಲವನ್ನೂ ಕೇಳಿಕೊಂಡು, ಕ್ಯಾನು ಕೆಳಗಿಟ್ಟು ಬೆಂಚಿನ ಮೇಲೆ ಕೂತಳು. ಆಮೇಲೆ ಕೈ ಚಾಚಿ, "ಅದೇನು ಪೇಪರು, ಕೊಡು ಇಲ್ಲಿ," ಎಂದಳು.

*

ಹುಚ್ಚಯ್ಯನ ಲೈಬ್ರರಿಯ ಪಾಠ ಬಹಳ ಸರಳ. ಒಂದೇ ಸುದ್ದಿ ಬಂದ ಎರಡು ಪೇಪರುಗಳನ್ನು ಪಕ್ಕಪಕ್ಕದಲ್ಲಿ ಹಾಸುತ್ತಿದ್ದ. ಇದರಲ್ಲಿ ಇರುವುದು ಅದರಲ್ಲಿ ಯಾಕಿಲ್ಲ ಎಂದು ಹಾಲು ಅಳೆಸಲು ನಿಂತವರನ್ನೇ ಕೇಳುತ್ತಿದ್ದ. ಫೋನುಗಳು ಬಂದ ಮೇಲೆ ಫೋನುಗಳಿಗೂ ಅದೇ ಪಾಠ. ಉಚಿತ ಲ್ಯಾಪ್‌ಟಾಪಿನ ಲಿಂಕು ಬಂತು ಎನ್ನಲಿ, ನಾಳೆಯಿಂದ ಬಸ್ಸಿಲ್ಲ ಎನ್ನಲಿ, ಯಾವನೋ ಓಡಿಹೋದ ಎನ್ನಲಿ, "ಮೊಕ ನೋಡಿದ್ಯಾ?" ಎಂದು ಕೇಳುತ್ತಿದ್ದ. ಮೊದಮೊದಲು ಊರು ಅವನನ್ನು ಆಡಿಕೊಂಡಿತು. ಹೆಂಗಸರು ಸಾರಿಗೆ ಉಪ್ಪು ಹಾಕಿದೆಯಾ ಎಂಬುದಕ್ಕೂ ಮೊಕ ನೋಡಿದ್ಯಾ ಎಂದು ನಕ್ಕರು. ನಗುತ್ತ ನಗುತ್ತಲೇ ಅದು ಊರಿನ ಮಾತಾಯಿತು. ಈಗ ಚಿಕ್ಕಗೊಂಡನಹಳ್ಳಿಯಲ್ಲಿ ಗಾಳಿಸುದ್ದಿ ತಂದವನಿಗೆ ಕೂರಲು ಜಾಗ ಸಿಗುವುದು ಕಷ್ಟ.

ಅಂಥವನ ಹೆಣ ಮಣ್ಣಾಗುವ ಮೊದಲೇ, ಅವನ ಮನೆಯವನಿಂದಲೇ, ಯಾರೂ ಕಾಣದ ಒಂದು ಮಾತು ಹೊರಟು ಅರ್ಧ ಜಿಲ್ಲೆ ಸುತ್ತುತ್ತಿತ್ತು. ಸಂಘಮಿತ್ರಾಳಿಗೆ ನಾಚಿಕೆಯೂ ಭಯವೂ ಒಟ್ಟಿಗೇ ಆದವು. ಮಾತು ನಿಜವಾದರೆ ಜಗಳ ಮಾಡಿಯೇ ಅಪ್ಪನನ್ನು ಹೊರಬೇಕು. ಸುಳ್ಳಾದರೆ ಅಪ್ಪನ ಬದುಕನ್ನೇ ಕೆರೆ ಏರಿಯ ಮೇಲೆ ಸುತ್ತಿಸಿ ಮಣ್ಣು ಮಾಡಿದ ಹಾಗೆ.

ಅವಳು ಚಿತ್ರವನ್ನು ದೊಡ್ಡದು ಮಾಡಿದಳು. ಬೀಗವನ್ನು ಬಿಟ್ಟು ಮೂಲೆಗಳನ್ನು ನೋಡತೊಡಗಿದಳು. ಹಾಗೆ ನೋಡುವುದನ್ನು ಅವಳು ಕಲಿತದ್ದು ಶೆಟ್ಟಿಹಳ್ಳಿಯಲ್ಲಿ.

*

ಅವಳು ಕಾಲೇಜಿನಲ್ಲಿದ್ದಾಗಿನ ಬೇಸಿಗೆ ಅದು. ಶೆಟ್ಟಿಹಳ್ಳಿಯ ಹಳೆಯ ಚರ್ಚು ಹೇಮಾವತಿ ಹಿನ್ನೀರಿನಲ್ಲಿ ಕತ್ತಿನ ತನಕ ಮುಳುಗಿದ ಫೋಟೋ ಬಂತು. ಇವತ್ತು ಬೆಳಿಗ್ಗೆ ತೆಗೆದದ್ದು, ಡ್ಯಾಮಿಗೆ ಅಪಾಯ, ಕೆಳಗಿನ ಊರುಗಳವರು ಮನೆ ಬಿಡಿ ಎಂದು ಅದರ ಜೊತೆಯ ಮಾತು. ಡೈರಿಯ ಮುಂದೆ ಜನ ಗುಂಪುಕಟ್ಟಿದರು. ಹೊಳೆನರಸೀಪುರದ ಕಡೆ ನೆಂಟರಿದ್ದವರು ಅಳುವುದಕ್ಕೇ ಶುರುಮಾಡಿದರು.

"ವಾದ ಯಾಕೆ? ಓಗಿ ಮೊಕ ನೋಡ್ಕಂಡು ಬರೋಣ," ಎಂದ ಹುಚ್ಚಯ್ಯ.

ಹಾಸನಕ್ಕೆ ಬಸ್ಸು, ಅಲ್ಲಿಂದ ಆಟೋ. ಮಗಳು, ನಾಲ್ಕು ಜನ ಓದುಗರು, ಪುಳಿಯೋಗರೆ ಕಟ್ಟಿಕೊಂಡ ದೊಡ್ಡತಾಯಮ್ಮ. ಹೋಗಿ ನೋಡಿದರೆ ಚರ್ಚಿನ ಒಳಗೆ ಹಸುಗಳು ಮೇಯುತ್ತಿದ್ದವು. ನೀರು ಎಲ್ಲೋ ದೂರದಲ್ಲಿ ಮಿನುಗುತ್ತಿತ್ತು.

"ಫೋಟೋ ಸುಳ್ಳು," ಎಂದಳು ಸಂಘಮಿತ್ರಾ.

"ಅಲ್ಲ ಕಣವ್ವ. ಮಳೆಗಾಲದಾಗೆ ಇದು ಅಂಗೇ ಮುಳುಗ್ತದೆ, ಫೋಟೋ ದಿಟವೇ. ಫೋಟೋ ಜೊತೆ ಬಂದ ಮಾತು ಸುಳ್ಳು." ಅವಳ ಫೋನು ತೆಗೆದುಕೊಂಡು ಚಿತ್ರದ ಅಂಚಿಗೆ ಬೆರಳಿಟ್ಟ. ಅಲ್ಲಿ ಇಬ್ಬರು ಕೊಡೆ ಹಿಡಿದು ನಿಂತಿದ್ದರು. "ಈ ಬಿಸ್ಲಾಗೆ ಕೊಡೆ ಇಡಿದು ನೆಂದೋಗಿರೋರು ಯಾರವ್ವ? ನಡೂಕೆ ಏನದೆ ಅಂತ ಅವ್ರು ತೋರಿಸ್ತಾರೆ. ಮೂಲೆನಾಗೆ ಏನದೆ ಅಂತ ನಾವು ನೋಡ್ಬೇಕು."

ಅಲ್ಲಿಯೇ ಗೋಡೆಯ ನೆರಳಿನಲ್ಲಿ ಕೂತು ಎಲ್ಲರೂ ಒಂದೇ ಡಬ್ಬಿಯಿಂದ ಪುಳಿಯೋಗರೆ ತಿಂದರು. ದೊಡ್ಡತಾಯಮ್ಮ ಕೊನೆಯ ತುತ್ತನ್ನು ಹುಚ್ಚಯ್ಯನ ಕೈಗೆ ಹಾಕಿ, "ತಿನ್ನು, ಮೊಕ ನೋಡ್ಕಂಡು ತಿನ್ನು," ಎಂದಳು.

*

ಚಿತ್ರದ ಮೂಲೆಯಲ್ಲಿ, ಕಂಬಿಗಳ ಹಿಂದೆ, ಜಗಲಿಯ ನೆಲದ ಮೇಲೆ ಗೋಣಿತಾಟುಗಳು ಹಾಸಿದ್ದವು. ಒದ್ದೆ ಗೋಣಿತಾಟು. ಒಂದರ ಮೇಲೆ ನೀರಿನ ಪೈಪು.

"ಧರ್ಮೇಂದ್ರ, ಇದೇನು ನೋಡು."

"ಗೋಣಿಚೀಲ."

"ಗೋಣಿಚೀಲ ಯಾಕೆ ಹಾಸ್ತಾರೆ?"

ಧರ್ಮೇಂದ್ರ ಹೆಲ್ಮೆಟ್ಟು ತೆಗೆದ. ಹೊಸ ಸಿಮೆಂಟು ಹಾಕಿದ ಮೇಲೆ ಒಣಗಿ ಬಿರುಕು ಬಿಡದಿರಲಿ ಎಂದು ಗೋಣಿತಾಟು ಹಾಸಿ ನೀರುಣಿಸುವುದು ಯಾರಿಗೆ ಗೊತ್ತಿಲ್ಲ?

ಸಂಘಮಿತ್ರಾ ಹಿತ್ತಲಿನಲ್ಲಿದ್ದವರ ಕಡೆ ತಿರುಗಿದಳು. "ನಿನ್ನೆ ಲೈಬ್ರರಿ ಹತ್ರ ಯಾರಾದ್ರೂ ಹೋಗಿದ್ರಾ?"

"ನಾನು ಓಗಿದ್ದೆ ಕಣವ್ವ, ಸಂಜೆ ಹಾಲು ಹಾಕಕ್ಕೆ," ಎಂದಳು ಬೆಟ್ಟಮ್ಮ, ಸತ್ತವನ ತಲೆ ಒರೆಸುತ್ತ. "ಜಗಲಿ ಕಿತ್ತೋಗಿತ್ತಲ್ಲ, ಮೇಸ್ತ್ರಿ ಕರ್ಸಿ ಸಿಮೆಂಟ್ ಆಕ್ಸ್ತಿದ್ರು. ದೇವರಾಜಪ್ಪನೂ ಇದ್ದ, ಇವ್ನೂ ಇದ್ದ. ದನ ತುಳ್ದ್ರೆ ಏನ್ಮಾಡೋದು ಅಂತ ಮಾತಾಡ್ಕತಿದ್ರು."

"ಅಜ್ಜಿ, ಇದ ಮೊದ್ಲೇ ಯಾಕೆ ಹೇಳ್ಲಿಲ್ಲ?"

"ಯಾರು ಕೇಳುದ್ರು? ಇವ್ನು ಬಂದೋನೇ ಫೋನು ತೋರಿಸ್ದ. ನೀವೆಲ್ಲಾ ಫೋನು ನೋಡುದ್ರಿ."

ಆಗ ಮುದ್ದಮ್ಮ ತನ್ನ ಸೆರಗಿನ ಗಂಟನ್ನು ಬಿಚ್ಚಿದಳು. ಅಂಗೈಯಲ್ಲಿ ಬೀಗದ ಕೈ ಹೊಳೆಯಿತು. "ಇದು ನಮ್ಮನೇದಲ್ಲ. ನಿಮ್ಮಪ್ಪನ ಜೇಬಿನಾಗಿತ್ತು," ಎಂದಳು. ಸಂಘಮಿತ್ರಾ ಅದನ್ನು ಕೈಗೆ ತೆಗೆದುಕೊಂಡಳು. ಬೀಗ ಹಾಕಿದ್ದು ಅಪ್ಪನೇ. ಹಸಿ ನೆಲ ಕಾಯಲು ಹಾಕಿ, ಬೆಳಿಗ್ಗೆ ಬಂದು ತೆಗೆಯೋಣ ಎಂದುಕೊಂಡು ಮನೆಗೆ ಬಂದು ಮಲಗಿದ್ದ. ಆಗ ಅವಳು ಅಳತೊಡಗಿದಳು, ಬೆಳಗಿನಿಂದ ಅತ್ತಿರಲಿಲ್ಲ.

ಧರ್ಮೇಂದ್ರ ಗೋಡೆಗೆ ಒರಗಿ ನಿಂತುಬಿಟ್ಟಿದ್ದ. "ನಾನು ಸುಳ್ಳು ಏಳ್ಬೇಕು ಅಂತ ಏಳಿಲ್ಲ ಅಕ್ಕ. ನಮ್ಮ ದೊಡ್ಡಪ್ಪನ್ನ ಅಂಗಳದಾಚೆ ನಿಲ್ಸಿದ್ದೋರು ಅವ್ರು. ಇವತ್ತೂ ನಿಲ್ಸಿರ್ತಾರೆ ಅಂದ್ಕಂಡೆ. ಅಂದ್ಕಳೋದ್ರಾಗೆ ತಪ್ಪೇನದೆ?"

ಅವನ ಮಾತನ್ನು ಸಂಘಮಿತ್ರಾಳಿಗೆ ತಳ್ಳಿಹಾಕಲಾಗಲಿಲ್ಲ. ತಾನೂ ಹಾಗೆಯೇ ಅಂದುಕೊಂಡವಳು. ಉತ್ತರ ಕೊಟ್ಟವಳು ಮುದ್ದಮ್ಮ.

"ಅಂದ್ಕಳೋದು ತಪ್ಪಲ್ಲ ಮಗ. ಕಂಡೋನಂಗೆ ಏಳಿದ್ದು ತಪ್ಪು. ಒತ್ತೋನೇ ವಾಪಸ್ ತರ್ಬೇಕು, ಗೊತ್ತಲ್ಲ."

"ಅಳಿಸಾಕ್ಬುಡ್ಲಾ?"

"ಅಳಿಸಿದ್ರೆ ಓದಿದವರ ತಲೆಯಿಂದ ಹೋಗುತ್ತಾ?" ಎಂದಳು ಸಂಘಮಿತ್ರಾ. "ನಿನ್ನ ಬಾಯಿಂದ್ಲೇ ಹೇಳು. ನಿನ್ನ ಹೆಸರು ಹೇಳಿ ಹೇಳು."

ಅವನು ಹಿತ್ತಲಿನ ಬೇಲಿಯ ಹತ್ತಿರ ಹೋಗಿ ನಿಂತ. ಫೋನು ಬಾಯಿಯ ಹತ್ತಿರ ಹಿಡಿದು ರೆಕಾರ್ಡಿಂಗು ಒತ್ತಿದ. "ನಾನು ಧರ್ಮೇಂದ್ರ, ಅರಕಲಗೂಡು. ಬೆಳಿಗ್ಗೆ ಬೀಗದ ಫೋಟೋ ಆಕಿದ್ದು ನಾನೇ. ಬೀಗ ಆಕಿದ್ದು ನಮ್ಮ ದೊಡ್ಡಪ್ಪನೇ, ಹಸಿ ನೆಲ ಕಾಯಕ್ಕೆ. ಅಧ್ಯಕ್ಷರು ಆಕ್ಸಿದ್ದಲ್ಲ. ನಾನು ನೋಡ್ದೆ ಏಳಿದ್ದೆ. ಈ ಮಾತ್ನೂ ಅಷ್ಟೇ ಜನಕ್ಕೆ ಕಳ್ಸಿ." ಗ್ರೂಪುಗಳಿಗೆಲ್ಲ ಹಾಕಿದ. ಟೆಂಪೋಗಳು ಆಗಲೇ ದುದ್ದ ತಲುಪಿದ್ದವು, ಅವರಿಗೆ ಫೋನು ಮಾಡಿ ಹೇಳಿದ. ಅವರಲ್ಲೊಬ್ಬ ಅವನನ್ನು ಹೇಡಿ ಎಂದ. ಅದನ್ನೂ ಕೇಳಿಸಿಕೊಂಡ. "ಬರ್ರಿ, ದೊಡ್ಡಪ್ಪನ್ನ ಒರಕ್ಕೆ ಬರ್ರಿ. ಜಗಳಕ್ಕಲ್ಲ," ಎಂದ.

ಊರ ಬೀದಿಯಲ್ಲಿ ಅಷ್ಟರೊಳಗೆ ಇನ್ನೊಂದು ಮಾತು ಸುತ್ತಿತ್ತು. ಕೇರಿಯವರು ಬೀಗ ಒಡೆಯಲು ಬರುತ್ತಿದ್ದಾರೆ, ಬಾಗಿಲು ಹಾಕಿಕೊಳ್ಳಿ ಎಂದು. ಅದನ್ನು ಯಾರು ಹೊತ್ತರೋ, ವಾಪಸ್ ತರುವುದು ಇವರ ಕೈಯಲ್ಲಿ ಇರಲಿಲ್ಲ.

ಹೆಣದ ಮುಂದೆ ಕೇರಿಯವರು ಒಟ್ಟಾಗಿ ಹೇಳಿದ ಬುದ್ಧವಂದನೆ ಮುಗಿಯಿತು. ಚಟ್ಟ ಎತ್ತಿದರು. ಬೀದಿಯ ತಿರುವಿನಲ್ಲಿ, ಎಡಕ್ಕೆ ಹೋದರೆ ಕೆರೆ ಏರಿ ಸಿಗುವ ಜಾಗದಲ್ಲಿ, ಹೊತ್ತವರ ಕಾಲು ತಡವರಿಸಿತು. ಸಂಘಮಿತ್ರಾ ಮುಂದೆ ಬಂದು ಬಲಕ್ಕೆ ತಿರುಗಿದಳು. ತಮಟೆಯವರು ಅವಳ ಹಿಂದೆ ತಿರುಗಿದರು.

ಕೆಲವು ಬಾಗಿಲುಗಳು ಮುಚ್ಚಿದ್ದವು, ಕೆಲವು ಅರ್ಧ ತೆರೆದಿದ್ದವು. ಎರಡು ಮನೆಗಳ ಮುಂದೆ ಹೆಂಗಸರು ನೀರು ಚಿಮುಕಿಸಿ ನಿಂತಿದ್ದರು. ಡೈರಿಯ ಕಟ್ಟೆಯ ಮೇಲಿದ್ದವರು ಎದ್ದರು. ಲೈಬ್ರರಿಯ ಕಡೆ ನೋಡಿದ ಸಂಘಮಿತ್ರಾ ನಡಿಗೆ ನಿಧಾನಿಸಿದಳು. ಬೀಗ ಬಿದ್ದ ಕಂಬಿಬಾಗಿಲಿಗೆ ಬೆನ್ನು ಕೊಟ್ಟು, ಮೆಟ್ಟಿಲ ಮೇಲೆ, ಕೋಲು ಅಡ್ಡವಿಟ್ಟುಕೊಂಡು ದೊಡ್ಡತಾಯಮ್ಮ ಕೂತಿದ್ದಳು.

ತಮಟೆ ನಿಂತಿತು. ಹಿಂದೆ ಬರುತ್ತಿದ್ದ ಟೆಂಪೋ ಹುಡುಗರಲ್ಲಿ ಗುಸುಗುಸು ಎದ್ದಿತು. ಡೈರಿಯ ಪಕ್ಕದಿಂದ, ಹಾಸನಕ್ಕೆ ಹೋಗಿ ತಂದ ದೊಡ್ಡ ಹಾರವನ್ನು ತೋಳಿನ ಮೇಲೆ ಹಾಕಿಕೊಂಡು ದೇವರಾಜು ಓಡಿಬಂದ.

"ಅವ್ವಾ, ಏಳು. ದಾರಿ ಬುಡು."

"ನೀನು ಸುಮ್ಕಿರು," ಎಂದಳು ದೊಡ್ಡತಾಯಮ್ಮ. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಮಾತಾಡಿದಳು. "ಬೆಳಗ್ಗಿಂದ ಏನೇನೋ ಏಳ್ತಾವ್ರೆ. ನನ್ನ ಮಗ ಬೀಗ ಆಕ್ಸುದ ಅಂತ ಒಬ್ರು. ಕೇರಿಯೋರು ಒಡೆಯಕ್ಕೆ ಬತ್ತಾವ್ರೆ ಅಂತ ಇನ್ನೊಬ್ರು. ಹುಚ್ಚಯ್ಯ ಓಗ್ಬುಟ್ಟ ಅಂತ ಎಲ್ರೂ. ನಾನು ಒಂದ್ನೂ ನಂಬ್ನಿಲ್ಲ. ನನ್ನೇ ಒಂದ್ಸಾರಿ ಸತ್ತೋದ್ಲು ಅಂತ ಏಳಿದ್ದ ಊರಿದು. ನೋಡ್ಬೇಕು ಅಂತ ಕುಂತಿವ್ನಿ."

ಸಂಘಮಿತ್ರಾ ಮುಂದೆ ಹೋಗಿ ಬಗ್ಗಿ ಅವಳ ಕೈ ಹಿಡಿದು ಎಬ್ಬಿಸಿದಳು. ಬೀಗದ ಕೈಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, "ಅಪ್ಪನ ಜೇಬಿನಲ್ಲಿತ್ತು," ಎಂದಳು. ಬೀಗ ಒಂದೇ ಸಲಕ್ಕೆ ತೆರೆದುಕೊಂಡಿತು.

ಧರ್ಮೇಂದ್ರ ಗುಂಪಿನಿಂದ ಹೊರಬಂದು ದೇವರಾಜುವಿನ ಎದುರು ನಿಂತ. "ಬೆಳಿಗ್ಗೆ ನಿಮ್ಮೇಲೆ ಮಾತು ಒತ್ತಿದ್ದೋನು ನಾನು ಸಾ. ವಾಪಸ್ ತಂದಿವ್ನಿ."

ಫೋನಿನ ಚಾರ್ಜು ಮುಗಿದು ಅರ್ಧ ದಿನ ಏನೂ ತಿಳಿಯದೆ ಹೂವಿನಂಗಡಿ ಸುತ್ತಿದ್ದ ದೇವರಾಜುವಿಗೆ ಅದು ಪೂರ್ತಿ ಅರ್ಥವಾಗಲಿಲ್ಲ. ಹುಡುಗನ ಮುಖ ನೋಡಿ ಅಷ್ಟಿಷ್ಟು ತಿಳಿಯಿತು. "ಆಯ್ತು ಬುಡಪ್ಪ," ಎಂದ. ಆಮೇಲೆ ಜಗಲಿಯ ಕಡೆ ನೋಡಿ ಗಾಬರಿಯಾದ. "ನೆಲ ಇನ್ನೂ ಹಸಿ ಕಣವ್ವ. ಮೇಸ್ತ್ರಿ ಯಾರೂ ತುಳೀಬ್ಯಾಡಿ ಅಂದವ್ನೆ. ಇಲ್ಲೇ ಮುಂದೆ ಇಳ್ಸಿದ್ರೆ ಆಗ್ದಾ?"

ಎಲ್ಲರೂ ಸಂಘಮಿತ್ರಾಳ ಕಡೆ ನೋಡಿದರು. ಉತ್ತರ ಬಂದದ್ದು ದೊಡ್ಡತಾಯಮ್ಮನಿಂದ. "ಇವ್ನನ್ನ ಒಂದ್ಸಾರಿ ಆಚೆ ನಿಲ್ಸಿದ್ದು ಸಾಕು. ಒಳೀಕ್ ತನ್ನಿ."

ಗೋಣಿತಾಟು ಸರಿಸಿ ಹುಚ್ಚಯ್ಯನನ್ನು ಹೊಸ ನೆಲದ ಮೇಲೆ ಇಳಿಸಿದರು. ಒಂದು ಪಕ್ಕ ಪೇಪರಿನ ಮೇಜು, ಒಂದು ಪಕ್ಕ ಬೆಂಚು. ಮುದ್ದಮ್ಮ ಕನ್ನಡಕವನ್ನು ಗಂಡನ ಮುಖಕ್ಕೆ ಹಾಕಿ ಸರಿಮಾಡಿದಳು. ದೊಡ್ಡತಾಯಮ್ಮ ಕೋಲು ಬಿಟ್ಟು, ಒಂದು ಕೈ ನೆಲಕ್ಕೂರಿ, ಬಹಳ ಕಷ್ಟದಿಂದ ಪಕ್ಕದಲ್ಲಿ ಕೂತಳು. ಅವನ ಮೂಗಿನ ಹತ್ತಿರ ಬೆರಳು ಹಿಡಿದು ಕಾದಳು. ಕೆನ್ನೆ ಮುಟ್ಟಿದಳು. ಹಣೆಯ ಮೇಲೆ ಪೂರ್ತಿ ಅಂಗೈ ಇಟ್ಟಳು. ಬೀದಿಯೆಲ್ಲ ನಿಂತು ನೋಡುತ್ತಿತ್ತು. ಅವಳಿಗೆ ಯಾವ ಅವಸರವೂ ಇರಲಿಲ್ಲ.

"ದಿಟ ಕಣ್ಲಾ ಮಗ," ಎಂದಳು ಕೊನೆಗೆ, ಧರ್ಮೇಂದ್ರನ ಕಡೆ ತಿರುಗಿ. ಕಣ್ಣಿಂದ ನೀರು ಇಳಿಯುತ್ತಿತ್ತು. "ನಾನು ಕಂಡೆ. ಈಗ ಓಗಿ ಎಲ್ರಿಗೂ ಏಳು."

ತಮಟೆ ಮತ್ತೆ ಶುರುವಾಯಿತು. ಡೈರಿಯ ಮುಂದೆ ಕ್ಯಾನುಗಳನ್ನು ಇಳಿಸಿ ಜನ ಸಾಲು ನಿಂತರು. ಮುಚ್ಚಿದ್ದ ಬಾಗಿಲುಗಳು ತೆರೆದು, ಅಲ್ಲಿಂದಲೂ ಬಂದು ಸಾಲಿನ ಹಿಂದೆ ಸೇರಿಕೊಂಡರು. ಕೇರಿಯವರು, ಬೀದಿಯವರು, ಟೆಂಪೋದ ಹುಡುಗರು ಒಬ್ಬರ ಹಿಂದೆ ಒಬ್ಬರು ಚಪ್ಪಲಿ ಬಿಟ್ಟು ಹಸಿ ನೆಲ ಹತ್ತಿ, ಬಗ್ಗಿ ಹುಚ್ಚಯ್ಯನ ಮುಖ ನೋಡಿದರು. ನೋಡಿ, ಆಚೆ ಇಳಿದು, ಅದಾದ ಮೇಲೆಯೇ ಜೇಬಿನಿಂದ ಫೋನು ತೆಗೆದರು.